ಚಪ್ಪರಕ್ಕೆ ಮುಂಚೆ ಕಟ್ಟಿದ ಕಂಕಣ

ದಿಲೀಪನ ಮದುವೆಗೆಂದು ನಾನು ಚಾಮರಾಜನಗರದಿಂದ ಉಮ್ಮತ್ತೂರಿಗೆ ಬಂದಾಗ ಮನೆ ಮುಂದೆ ಚಪ್ಪರದ ಗಳುಗಳು ಇನ್ನೂ ರಾಶಿಯಾಗಿ ಬಿದ್ದಿದ್ದವು. ಹುಡುಗನ ಬಲಗೈಯಲ್ಲಿ ಮಾತ್ರ ಆಗಲೇ ಕಂಕಣವಿತ್ತು. ಅರಿಸಿನದ ಕೊಂಬು ಕಟ್ಟಿದ ದಾರ, ಇನ್ನೂ ಹಸಿಯಾಗಿತ್ತು.

ದಿಲೀಪ ನನ್ನ ತಮ್ಮ ಚಿಕ್ಕಮಲ್ಲಪ್ಪನ ಒಬ್ಬನೇ ಮಗ. ಸೈನ್ಯದಲ್ಲಿ ಲಾರಿ ಓಡಿಸುತ್ತಾನೆ. ರಜೆಯಲ್ಲಿ ಬಂದಾಗಲೆಲ್ಲ ಹಿಮದ ಮಾತು, ಮೆಸ್ಸಿನ ಮೊಟ್ಟೆಯ ಮಾತು ಹೇಳಿ ನಗಿಸುತ್ತಿದ್ದ. ಲಾರಿಯಲ್ಲಿ ಏನು ತುಂಬಿರುತ್ತದೆ ಎಂದು ನಾವು ಯಾರೂ ಕೇಳಿರಲಿಲ್ಲ.

ನಮ್ಮಲ್ಲಿ ಚಪ್ಪರ ಎದ್ದು, ಅಯ್ನೋರು ಬಂದು ಪೂಜೆ ಮಾಡಿದ ಮೇಲೆ ಕಂಕಣ ಕಟ್ಟುವುದು. ಕಟ್ಟಿದ ಮೇಲೆ ಗಂಡು ಊರ ಗಡಿ ದಾಟುವಂತಿಲ್ಲ. ಧಾರೆ ಮುಗಿದು ಹೆಂಡತಿಯೇ ಅದನ್ನು ಬಿಚ್ಚಬೇಕು. ಧಾರೆ ಇದ್ದದ್ದು ಸೋಮವಾರ. ಅಂದು ಇನ್ನೂ ಗುರುವಾರ.

"ಇದೇನೇ ಶಾಂತಮಲ್ಲಿ, ಇಷ್ಟು ಬೇಗ ಕಟ್ಟಿದ್ದೀಯ?" ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

ಅವಳು ನನ್ನನ್ನು ಅಡುಗೆಮನೆಯೊಳಗೆ ಎಳೆದುಕೊಂಡಳು. "ಟಿವಿ ನೋಡ್ನಿಲ್ವಾ ಅಕ್ಕ? ಯುದ್ಧ ಅಂತಾವ್ರೆ. ಕಂಕಣ ಕಟ್ಬುಟ್ಟೆ. ಇನ್ ಯಾರ್ ಕರುದ್ರೂ ಅವ್ನು ಓಗಂಗಿಲ್ಲ."

ನಾನು ಆ ಕಾಲಕ್ಕೇ ಮೈಸೂರಿನಲ್ಲಿ ಬಿ.ಎ. ಓದಿದವಳು. ಆದರೂ ಆ ಹೊತ್ತಿನಲ್ಲಿ ಅವಳ ಲೆಕ್ಕಾಚಾರ ನನಗೂ ಸರಿಯಾಗಿಯೇ ಕಂಡಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಫೋನು ಬಂತು. ರಜೆ ರದ್ದಾಗಿದೆ, ಕೂಡಲೇ ಹೊರಟು ಬರಬೇಕು. ಮರುದಿನ ಬೆಳಗಿನ ರೈಲು ಹಿಡಿಯಬೇಕಾದರೆ ಸಂಜೆಯೊಳಗೆ ಊರು ಬಿಡಬೇಕು. ದಿಲೀಪ ಎಲೆಯ ಮುಂದೆ ಕೂತಿದ್ದವನು ಹಾಗೇ ಕೈ ತೊಳೆದುಕೊಂಡ.

"ಓಗಕ್ಕಾಗಲ್ಲ ಅಂತ ಯೋಳ್ಬುಡು," ಎಂದಳು ಅವನ ತಾಯಿ.

"ಅಂಗೆಲ್ಲ ಯೋಳಕ್ಕಾಗಲ್ಲ ಕಣವ್ವ. ಓಡೋದೋನು ಅಂತ ಬರ್ಕತಾರೆ. ಜೈಲು."

ಪಕ್ಕದ ಮನೆಯ ಗುರುಸ್ವಾಮಿ ಜಗುಲಿಯಿಂದಲೇ ಕೂಗಿದ. "ಲೋ ದಿಲೀಪ, ದೇಶದ್ ಗಡಿ ಕಾಯೋನು ಊರ್ ಗಡೀಲೇ ಸಿಕ್ಕಾಕ್ಕಂಡ್ಯಲ್ಲೋ! ನಿಮ್ ಮೇಜರ್‌ಗೂ ಒಂದ್ ಲಗ್ನಪತ್ರಿಕೆ ಕಳ್ಸು. ಧಾರೆಗೆ ಅವ್ರೇ ಬರ್ಲಿ." ಯಾರೂ ನಗಲಿಲ್ಲ. ಗುರುಸ್ವಾಮಿಯೇ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, ಬೆನ್ನು ನೋವೆಂದು ಡಾಕ್ಟರ ಚೀಟಿ ಬರೆಸಿಕೊಡುತ್ತೇನೆ ಎಂದು ಮೆಲ್ಲಗೆ ಹೇಳಿದ. ಅವನಿಗೆ ತಿಳಿದ ಸಹಾಯ ಅದು.

ಅಯ್ನೋರು ಶಿವರುದ್ರಸ್ವಾಮಿಗಳನ್ನು ಕರೆಸಿದೆವು. ಅವರು ಕಂಕಣ ನೋಡಿ ನೊಂದುಕೊಂಡರು. "ನಾನು ಕಟ್ಟಿದ್ದಲ್ಲ, ನಾನು ಬಿಚ್ಚಲಾರೆ. ಮದುವೆಯಾಗುವ ಹೆಣ್ಣುಮಗಳು ಒಪ್ಪಿ ಬಿಚ್ಚಿದರೆ ದೋಷವಿಲ್ಲ." ಹೋಗುವಾಗ ದಿಲೀಪನ ಬೆನ್ನು ಸವರಿ ಹೋದರು.

ದಿಲೀಪ ರಾಗಿ ಮೂಟೆಗಳ ಕೋಣೆಗೆ ಹೋಗಿ ಕೂತಿದ್ದ. ಕಿಟಕಿಯಿಲ್ಲದ ಕೋಣೆ. ನಾನು ಮಜ್ಜಿಗೆ ತೆಗೆದುಕೊಂಡು ಹೋದೆ. ಲೋಟ ತೆಗೆದುಕೊಂಡು ಕುಡಿಯದೆ ಕೆಳಗಿಟ್ಟ.

"ಕತ್ತರಿಸಿಬಿಡೋಣ್ವಾ?" ಎಂದೆ.

"ಬ್ಯಾಡ ಅತ್ತೆ. ನಾಳಿಕ್ ನಂಗೇನಾರ ಆದ್ರೆ, ಕತ್ರುಸುದ್ಕೇ ಆಯ್ತು ಅಂತ ಅವ್ವ ಸಾಯೋಗಂಟ ಅಳ್ತಾಳೆ." ಆಮೇಲೆ ನನ್ನ ಮುಖ ನೋಡದೆ ಹೇಳಿದ. "ಅವ್ವುನ್ನ ಎಲ್ರೂ ಬಯ್ತಾವ್ರೆ. ರಜೆ ಕ್ಯಾನ್ಸಲ್ ಆಯ್ತದೆ ಅಂತ ನಮ್ ಹುಡುಗ್ರು ಬೆಳುಗ್ಗೇನೆ ಮೆಸೇಜ್ ಮಾಡುದ್ರು. ಅವ್ವ ದಾರ ತಂದಾಗ ನಂಗ್ ಗೊತ್ತಿತ್ತು. ಗೊತ್ತಿದ್ದೂ ಕೈ ನೀಡ್ದೆ."

"ಯಾಕೋ ಮಗ?"

"ಲಾರೀಲಿ ಇರೋದು ಫಿರಂಗಿ ಶೆಲ್ಲು ಅತ್ತೆ. ಓದ್ ಸಲ ನನ್ ಮುಂದ್ಲು ಗಾಡಿ ಬೆಂಕಿ ಹತ್ಕತು. ಹಿಂದ್ಕೂ ಓಗಕ್ಕಾಗಲ್ಲ, ಮುಂದ್ಕೂ ಓಗಕ್ಕಾಗಲ್ಲ. ಒಂದ್ ಕಡೆ ಬಂಡೆ, ಇನ್ನೊಂದ್ ಕಡೆ ಕಂದ್ಕ. ಬಾಗ್ಲು ಹಾಕ್ಕಂಡು ಒಳ್ಗೇ ಕೂತಿದ್ದೆ. ಯಾರಾದ್ರೂ ನನ್ನ ಹಿಡ್ಕಳ್ಳಿ ಅನ್ನುಸ್ತು, ಅಷ್ಟೇಯ. ಈಗ ಹಿಡ್ಕಂಡವ್ರೆ. ಉಸ್ರು ಕಟ್ತಾ ಐತೆ."

ಹೋಗದೆ ಉಳಿಯುತ್ತೀಯಾ ಎಂದು ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ತಾನು ಹೋಗದಿದ್ದರೆ ಆ ಲಾರಿಯಲ್ಲಿ ಇನ್ನೊಬ್ಬ ಕೂರುತ್ತಾನೆ ಎಂದ. ಕೂರಬಹುದಾದವನ ಹೆಸರನ್ನೂ ಹೇಳಿದ. ಪಂಜಾಬಿನ ಹುಡುಗನಂತೆ, ಹೋದ ತಿಂಗಳು ಮಗುವಾಗಿದೆಯಂತೆ.

ನಾನೇ ಗುಂಡ್ಲುಪೇಟೆಗೆ ಫೋನು ಮಾಡಿದೆ. ಮದುವಣಗಿತ್ತಿ ನಯನಾ ಅಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಹುಡುಗಿ. ಎಲ್ಲವನ್ನೂ ಕೇಳಿಸಿಕೊಂಡಳು. "ಅಲ್ಲಿಗೆ ಬತ್ತೀನಿ ಅತ್ತೆ. ಆದ್ರೆ ಊರೊಳಕ್ಕೆ ಬರಲ್ಲ," ಎಂದಳು. ಧಾರೆಗೆ ಮುಂಚೆ ಹೆಣ್ಣು ಗಂಡಿನ ಊರು ತುಳಿಯಬಾರದಲ್ಲ.

ಹೀಗೆ ಅವನು ಆಚೆ ಹೋಗುವಂತಿಲ್ಲ, ಅವಳು ಈಚೆ ಬರುವಂತಿಲ್ಲ. ಇಳಿಹೊತ್ತಿನಲ್ಲಿ ಊರ ಗಡಿಯ ಬಸ್ ನಿಲ್ದಾಣದಲ್ಲಿ ಕಾದೆವು. ದಿಲೀಪ ಕೈಚೀಲ ಹಿಡಿದು ನಿಂತಿದ್ದ. ಶಾಂತಮಲ್ಲಮ್ಮ ದೂರದಲ್ಲಿ, ಬೇವಿನ ಮರದ ಕೆಳಗೆ, ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದಳು. ನನ್ನ ತಮ್ಮನಿಗೆ ಮನೆಯಿಂದ ಹೊರಡಲಾಗಿರಲಿಲ್ಲ.

ನಯನಾ ಚಾಮರಾಜನಗರದ ಬಸ್ಸಿನಲ್ಲಿ ಬಂದಳು. ಅದೇ ಬಸ್ಸು ಊರೊಳಗೆ ಹೋಗಿ ತಿರುಗಿಸಿಕೊಂಡು ಬರುವಷ್ಟೇ ಹೊತ್ತು ನಮಗಿದ್ದದ್ದು. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಬರುವಾಗ ಯಾರೋ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರಂತೆ, ಅತ್ತಿರುವುದು ಕಂಡು.

ದಿಲೀಪ ಕೈ ಮುಂದೆ ಮಾಡಿದ. ಅವಳು ಗಂಟಿನ ಮೇಲೆ ಬೆರಳಿಟ್ಟಳು. ಬಿಚ್ಚಲಿಲ್ಲ.

"ನಾನ್ ಬಿಚ್ಚುದ್ರೆ, ನಿಮ್ಮನ್ನ ಅಲ್ಲಿಗ್ ಕಳ್ಸುದೋಳು ನಾನೇ ಆಯ್ತೀನಿ," ಎಂದಳು. "ನಿಮಗೇನಾರ ಹೆಚ್ಚುಕಮ್ಮಿ ಆದ್ರೆ ಊರಷ್ಟೂ ನನ್ ಕೈ ನೋಡ್ತದೆ. ಬಿಚ್ದೇ ಓದ್ರೆ ನೀವು ಜೈಲಿಗ್ ಓಯ್ತೀರಿ. ನಾನೇನ್ ಮಾಡ್ಲಿ, ನೀವೇ ಯೋಳಿ."

ದಿಲೀಪ ಕೈ ಹಿಂದಕ್ಕೆ ಎಳೆದುಕೊಂಡ. ಅವಳನ್ನು ಎಲ್ಲಿಗೆ ಕರೆಸಿ ನಿಲ್ಲಿಸಿದ್ದೇನೆಂದು ನನಗೆ ಆಗ ತಿಳಿಯಿತು. ಊರೊಳಗಿಂದ ಬಸ್ಸಿನ ಹಾರನ್ ಕೇಳಿಸಿತು.

ಮರದ ಕೆಳಗಿನಿಂದ ಶಾಂತಮಲ್ಲಮ್ಮ ಎದ್ದು ಬಂದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಮಗನ ಕಡೆ ನೋಡಲಿಲ್ಲ. ನಯನಾಳ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದಳು.

"ನೀ ಮುಟ್ಬ್ಯಾಡ ಕಣಮ್ಮಿ. ಕಟ್ಟುದೋಳು ನಾನು. ಏನಾದ್ರೂ ನನ್ ತಲ್ಗೇ ಇರ್ಲಿ."

"ಅವ್ವ, ನಂಗ್ ಮೊದ್ಲೇ ಗೊತ್ತಿತ್ತು, ನಾನೇ..." ಎಂದ ದಿಲೀಪ.

"ಗೊತ್ತು ಕಣ್ಲಾ. ಚಿಕ್ಕೋನಾಗಿದ್ದಾಗ ಕೊಬ್ರಿಎಣ್ಣೆ ಹಚ್ಚಕ್ ಕರುದ್ರೂ ಓಡೋಯ್ತಿದ್ದೋನು. ಅಂಗ್ ಸುಮ್ನೆ ಕೈ ನೀಡುದ್ರೆ ತಾಯಿಗ್ ಗೊತ್ತಾಗಲ್ವಾ?"

ಗಂಟು ಒಣಗಿ ಬಿಗಿದಿತ್ತು. ಅವಳು ಬಗ್ಗಿ ಹಲ್ಲಿನಿಂದ ಹಿಡಿದು ಎಳೆದಳು. ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ. ಸೀಟಿ ಊದಲಿಲ್ಲ. ಡ್ರೈವರ್ ಹಾರನ್ ಹೊಡೆದಾಗ, "ತಡ್ಯಣ್ಣ, ಇನ್ನೂ ಜನ ಅವ್ರೆ," ಎಂದ. ಜನ ಯಾರೂ ಇರಲಿಲ್ಲ.

ದಾರ ಬಿಚ್ಚಿತು. ಶಾಂತಮಲ್ಲಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಓಗು. ನಿಂತ್ಕಬ್ಯಾಡ," ಎಂದಳು. ಅವನು ಬಗ್ಗಿ ಕಾಲು ಮುಟ್ಟುವಷ್ಟರಲ್ಲಿ ತಿರುಗಿ ಊರ ಕಡೆ ನಡೆದಿದ್ದಳು.

ನಾವು ಮೂವರೂ ಬಸ್ಸು ಹತ್ತಿದೆವು. ನಯನಾಳಿಗೆ ವಾಪಸು ಹೋಗಲು ಇದ್ದದ್ದೂ ಅದೇ ಬಸ್ಸು. ಅವಳು ಹೆಂಗಸರ ಸೀಟಿಗೆ ಹೋಗದೆ ದಿಲೀಪನ ಪಕ್ಕದಲ್ಲೇ ಕೂತಳು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುವವರು, ಸಂತೆ ಚೀಲದವರು, ಬಸ್ಸು ತುಂಬಿತ್ತು. ಇಳಿಯಬೇಕೆಂದರೂ ಇಳಿಯಲಾಗದಂತೆ ಜನ ನಮ್ಮನ್ನು ಒತ್ತಿ ನಿಂತಿದ್ದರು.

ಕಂಡಕ್ಟರ್ ನಯನಾಳ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಚೀಟಿ ಹರಿದುಕೊಟ್ಟ. "ಯಜಮಾನ್ರಿಗೆ ಒಂದು ಚಾಮರಾಜನಗರನಾ ಮೇಡಂ?"

ದಿಲೀಪ ಏನೋ ಹೇಳಹೊರಟ.

"ಹೂಂ," ಎಂದಳು ನಯನಾ. "ಒಂದು."