ಜೇಕಿನಂಚಿನ ಜೋಡಿ

ಬುಟ್ಟಿಯೊಳಗೆ ಮತ್ತೆ ಒದ್ದಿತು, ಒದ್ದೆ ಗೋಣಿತಟ್ಟು ಎದ್ದು ಬಿದ್ದಿತು, ಆಟೋದಲ್ಲಿ ಪಕ್ಕಕ್ಕೆ ಕೂತ ಹೆಂಗಸು ನಿರಿಗೆ ಎಳೆದುಕೊಂಡು ಅತ್ತ ಸರಿದಳು, ಸರಿಯಲಿ, ಮೀನಿನವಳ ಮೈಗೆ ಮಲ್ಲಿಗೆ ವಾಸನೆ ಬರುತ್ತದೇನು, ಆದರೆ ಇವಿನ್ನೂ ಜೀವ ಹಿಡಿದಿವೆಯಲ್ಲ, ಮರಳ ಮೀನೇ ಹಾಗೆ, ಹಾವಿನಂಥ ತಲೆ, ನೀರಿಲ್ಲದಿದ್ದರೂ ಗಾಳಿ ನುಂಗಿ ಬದುಕುತ್ತದೆ, ಸತ್ತಿದ್ದರೆ ಮುಕ್ತಾಬಾಯಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ — ಎರಡೂ ಬದುಕಿವೆ, ಗಂಡು ಹೆಣ್ಣು, ಬೆಳಗ್ಗೆ ಗಂಡ ಬೀರಣ್ಣ ಬುಟ್ಟಿ ಎತ್ತಿ ತಲೆಗಿಡುತ್ತ ಎಷ್ಟು ಸಲೀಸಾಗಿ ಅಂದುಬಿಟ್ಟ, ಉಮರ್ಗಾಕ್ಕ ಹೋಗಿ ಚೇರಮನ್ನರ ಮನ್ಯಾಗ ಕೊಟ್ಟು ಬಾ, ಅವರ ಬೀಗರು ಬಂದಾರ, ಮರಳನೇ ಬೇಕಂದಾರ. ಎಲ್ಲಿ ಹಿಡದ್ರಿ ಎಂದು ಕೇಳಿದರೆ ಮುಖ ತಿರುಗಿಸಿದ, ಜೇಕಿನ ಕಡಿ ಸಿಕ್ಕಾವ, ಒಂದ ಜೋಡಿ, ಯಾರು ನೋಡ್ತಾರ. ಯಾರು ನೋಡ್ತಾರಂತೆ! ಕೆರೆಯಲ್ಲಿ ಜೇಕು ಹುಲ್ಲು ಬೆಳೆದ ಆ ಮೂಲೆಗೆ ಮಳೆಗಾಲ ಮುಗಿಯುವ ತನಕ ಬಲೆ ಬೀಳಬಾರದೆಂದು ಮೀನುಗಾರರ ಸೊಸೈಟಿಯ ಮೀಟಿಂಗಿನಲ್ಲಿ ಮೊದಲು ಕೈ ಎತ್ತಿದವನೇ ಚೇರಮನ್ ವೈಜನಾಥ, ಅವನನ್ನು ನೋಡಿ ಎತ್ತಿದವನು ಬೀರಣ್ಣ, ಅಲ್ಲಿ ಗಂಟಲು ಹರಿದುಕೊಂಡವಳು ಇವಳು — ಇಡೀ ಕೆರಿ ಮುಚ್ಚಿದ್ರ ನಾವು ಏನ ತಿನ್ನೂದ್ರಿ ಸಾಹೇಬ್ರ, ಅದಕ್ಕ ಎಲ್ಲಾರೂ ಕದ್ದು ಬಲಿ ಹಾಕ್ತಾರ, ಮರಿ ಮಾಡೂ ಜಾಗಾ ಅಷ್ಟ ಮುಚ್ರಿ, ಬಲಿ ಕಣ್ಣು ದೊಡ್ಡದು ಮಾಡ್ರಿ — ಮೀನುಗಾರಿಕೆ ಇಲಾಖೆಯ ಸಾಹೇಬನೂ ಒಪ್ಪಿದ, ಬರೋಬರ್ ಬಾಯಿ, ಹಾಗೇ ಬರೆಸೋಣ, ಇಡೀ ಕೆರೆ ಮುಚ್ಚುವ ಹಳೆಯ ನಿಯಮ ತೆಗೆದು ಹೊಸದು ಬರೆಸಿದ, ಈ ಆಷಾಢದಲ್ಲಿ ಎಷ್ಟೋ ವರ್ಷದ ಮೇಲೆ ಮರಿಗಳು ಕಂಡವು, ಕುಂಕುಮ ಚೆಲ್ಲಿದಂತೆ ನೀರ ಮೇಲೆ ಕೆಂಪು ಗುಂಪು, ಸುತ್ತುತ್ತ, ಕೆಳಗೆ ಕಾವಲಿಗೆ ತಂದೆ ತಾಯಿ, ಮರಿಯ ಹತ್ತಿರ ಕಪ್ಪೆ ಬಂದರೂ ಹಾರಿ ಕಚ್ಚುವಂಥವು, ಆ ಸಿಟ್ಟಿನಿಂದಲೇ ಗಾಳಕ್ಕೂ ಬೀಳುವಂಥವು.

ಭೂಕಂಪವಾದ ಮೇಲೆ ಪತ್ರಾಸ್ ತಗಡಿನ ಶೆಡ್ಡುಗಳಲ್ಲಿದ್ದ ವರ್ಷ, ಹಂಚಿದ್ದ ಸೊಳ್ಳೆಪರದೆಗಳನ್ನೇ ಹೊಲಿದು ಊರಿಗೆ ಊರೇ ಕೆರೆಗೆ ಇಳಿದಿತ್ತು, ಮರಿ ಮೊಟ್ಟೆ ಒಂದೂ ಬಿಡದೆ ಬಾಚಿತ್ತು, ಆಗ ಹಸಿವಿತ್ತು, ಮಣ್ಣಡಿ ಹೋದವರ ಸೂತಕವಿತ್ತು, ಯಾರೂ ಯಾರನ್ನೂ ಕೇಳಲಿಲ್ಲ, ಕೇಳುವುದು ಸರಿಯೂ ಅಲ್ಲ, ಆದರೆ ಈಗ ಎಂಥ ಹಸಿವು, ಬೀಗರ ನಾಲಿಗೆಯ ಹಸಿವೇ? ತುರೋರಿಯಲ್ಲಿ ಆಟೋ ಜನ ತುಂಬಿಕೊಳ್ಳಲು ನಿಂತಿತು, ಲಾರಿಯ ಹೊಗೆ ಮೂಗಿಗೆ ಹೊಡೆಯಿತು, ಬುಟ್ಟಿಯಲ್ಲಿ ಬಾಯಿ ತೆರೆದು ಗಾಳಿ ನುಂಗುವ ಸಣ್ಣ ಸದ್ದು, ಅವಳು ಇಳಿದಳು, ಬಾಯಿ, ಉಮರ್ಗಾ ಇನ್ನೂ ಮುಂದದ, ಎಂದ ಡ್ರೈವರ್, ಗೊತ್ತದಪಾ, ನಂಗ ಹಿಂದ ಹೋಗೂದದ.

ಒಡ್ಡಿನ ಮೇಲೆ ಬಲೆ ಹೊಲಿಯುತ್ತಿದ್ದ ಬೀರಣ್ಣ ತಲೆಯೆತ್ತಿದ, ಯಾಕ ಹೊಳ್ಳಿ ಬಂದಿ, ಅವಳ ಬಾಯಿಗೆ ‘ರೀ’ ಬರಲೇ ಇಲ್ಲ, ಕೈ ಎತ್ತಿದವ ನೀನ, ಬಲಿ ಒಗದವನೂ ನೀನ, ನಾಳಿ ಮೀಟಿಂಗಿನ್ಯಾಗ ಚೇರಮನ್ನನ ಹೆಸರೂ ಹೇಳ್ತೀನಿ, ನಿನ್ನ ಹೆಸರೂ ಹೇಳ್ತೀನಿ. ಗಂಡನ ಹೆಸರು ಹೇಳ್ತಿ, ನಾಕು ಮಂದ್ಯಾಗ? ಹೇಳ್ತೀನಿ. ಅವನ ಕೈಯಲ್ಲಿ ಸೂಜಿ ನಿಂತುಹೋಯಿತು, ತಡೆಯಲು ಏಳಲಿಲ್ಲ, ಜೊತೆಗೆ ಬರಲೂ ಇಲ್ಲ, ಅವಳೊಬ್ಬಳೇ ಸೀರೆ ಮೇಲೆ ಕಟ್ಟಿ ಮೊಣಕಾಲು ಮುಳುಗುವ ತನಕ ಇಳಿದಳು, ಬುಟ್ಟಿ ವಾಲಿಸಿದಳು, ಒಂದು ಬಾಲ ಬಡಿದು ಕೆಸರಿನತ್ತ ಹೋಯಿತು, ಇನ್ನೊಂದು ಹೊಟ್ಟೆ ಮೇಲಾಗಿ ತೇಲಿತು, ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು, ಏಳು, ಏಳು, ನಿನ್ನ ಮರಿ ಅಲ್ಲೇ ಅದಾವ, ಏಳಲಿಲ್ಲ, ಹೋದದ್ದು ಮರಿಗಳ ಹತ್ತಿರ ತಿರುಗಿ ಬರುತ್ತದೋ ಎಂದು ಜೇಕಿನತ್ತ ನೋಡಿದಳು, ಬರಲಿಲ್ಲ, ನೀರುಕಾಗೆಯೊಂದು ಮರಿಗಳ ನಡುವೆ ಮುಳುಗಿ ಎದ್ದಿತು, ಕತ್ತು ಕೊಡವಿತು, ಮತ್ತೆ ಮುಳುಗಿತು, ಮತ್ತೆ, ಮುಂಜಾನೆ ಚಾದರದಷ್ಟು ಇದ್ದಿರಬೇಕು ಆ ಕೆಂಪು, ಈಗ ಅಂಗೈಯಷ್ಟು, ಅಂಗೈಯಷ್ಟು ಕೆಂಪು ಸುತ್ತುತ್ತಿದೆ, ಕೆಳಗೆ ಯಾರೂ ಇಲ್ಲ, ಸುತ್ತುತ್ತಿದೆ —