ಜಾಗ ಹೇಳುವ ದಿನ

ನಮ್ಮ ಕುಡಿತ ಬಿಡಿಸುವ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಮನೆಗೆ ಹೋಗುವ ಮುಂಚೆ ಪ್ರತಿಯೊಬ್ಬನೂ ತಾನು ಬಾಟಲಿ ಬಚ್ಚಿಡುತ್ತಿದ್ದ ಜಾಗಗಳನ್ನೆಲ್ಲ ಕೌನ್ಸೆಲರ್ ಆದ ನನಗೆ ಹೇಳಬೇಕು. ಆಮೇಲೆ ಹೆಂಡತಿಯನ್ನೋ ತಾಯಿಯನ್ನೋ ಕರೆಸಿ, ಅವನನ್ನೂ ಪಕ್ಕದಲ್ಲಿ ಕೂರಿಸಿ, ಅವನ ಪರವಾಗಿ ನಾನು ಅವರಿಗೆ ಹೇಳುತ್ತೇನೆ. ಅವನೇ ಹೇಳಲು ಹೊರಟರೆ ಅರ್ಧಕ್ಕೆ ಅಳಲು ಶುರು ಮಾಡುತ್ತಾನೆ, ಕೆಲಸ ಕೆಡುತ್ತದೆ. ಮನೆಯವರು ಹೋಗಿ ಆ ಜಾಗಗಳನ್ನೆಲ್ಲ ಖಾಲಿ ಮಾಡಿದ ಮೇಲೆ ಅವನನ್ನು ಕರೆದುಕೊಂಡು ಹೋಗುತ್ತಾರೆ. ಇದನ್ನು ನಾವು ಜಾಗ ಹೇಳುವ ದಿನ ಎನ್ನುತ್ತೇವೆ.

ಜಾಗಗಳನ್ನು ಎಲ್ಲಿಯೂ ಬರೆದಿಡುವಂತಿಲ್ಲ. ಹಿಂದೊಮ್ಮೆ ಹಾಗೆ ಬರೆದಿಟ್ಟ ಕಾಗದ ಯಾರದೋ ಭಾವಮೈದುನನ ಕೈಗೆ ಸಿಕ್ಕಿ, ಅವನು ಮದುವೆ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ ನಗಾಡಿದನಂತೆ. ಅಂದಿನಿಂದ ಎಲ್ಲ ನನ್ನ ತಲೆಯಲ್ಲೇ. ಅಟ್ಟ, ಅಕ್ಕಿ ಡಬ್ಬ, ನೀರಿನ ಟ್ಯಾಂಕು, ಸತ್ತ ಅಜ್ಜನ ಪೆಟ್ಟಿಗೆ. ಊರಿನವರ ಮನೆಯ ಮೂಲೆಗಳೆಲ್ಲ ನನ್ನ ತಲೆಯೊಳಗೆ ಬಂದು ಕೂತಿವೆ. ನನ್ನ ಸ್ಕೂಟರಿನ ಕೀಲಿ ಎಲ್ಲಿಟ್ಟೆ ಅನ್ನುವುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ.

ಆ ದಿನ ಬಸ್ ಡ್ರೈವರನ ಸರದಿ. ದೊಡ್ಡ ಮೀಸೆಯ, ಮಾತು ಕಮ್ಮಿಯ ಆಳು. ಅವನ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಗಂಡನಿಗೆಂದು ಒಗೆದು ಮಡಚಿದ ಅಂಗಿ ಚೀಲದಿಂದ ಇಣುಕುತ್ತಿತ್ತು. ಅಂದರೆ ಕರೆದುಕೊಂಡು ಹೋಗುವ ಮನಸ್ಸು ಮಾಡಿಯೇ ಬಂದಿದ್ದಳು.

ನಾನು ಶುರು ಮಾಡಿದೆ. "ಹಳೇ ಬೂಟಿನೊಳಗೆ. ವಾಷಿಂಗ್ ಮೆಷೀನ್ ಹಿಂದೆ. ಕಕ್ಕಸಿನ ಫ್ಲಶ್ ಟ್ಯಾಂಕಲ್ಲಿ. ಮಗಳ ಸ್ಕೂಲಿನ ನೀರಿನ ಬಾಟ್ಲಿಯಲ್ಲಿ."

ಒಂದೇ ಉಸಿರಿಗೆ ಹೇಳಿಬಿಟ್ಟೆ.

ಡ್ರೈವರ್ ನನ್ನ ಕಡೆ ತಿರುಗಿದ. "ಮಗಳ ಬಾಟ್ಲಿನಾ? ನಾನು ಹಾಗಂದ್ನಾ ಸಾರ್?"

"ನೀನೇ ಅಂದೆ."

"ನಂಗೆ ಜ್ಞಾಪಕ ಇಲ್ವಲ್ಲ..."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಹೆಂಡ್ತಿ ಮುಂದೆ ಜಾರ್ಕೋಬೇಡ! ನನ್ನ ಹತ್ರ ಹೇಳಿದ್ದನ್ನ ಇಲ್ಲೂ ಒಪ್ಕೋ," ಎಂದು ಗದರಿದೆ.

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಸಾರ್ ಹೇಳ್ತಾರೆ ಅಂದ್ರೆ ಮಾಡಿರ್ತೀನಿ ಕಣೇ. ಕುಡಿದಾಗ ಏನ್ ಮಾಡಿದೀನೋ, ಎಷ್ಟೋ ಗೊತ್ತೇ ಇಲ್ಲ ನಂಗೆ."

ಅವಳು ಎದ್ದಳು. ಕೂಗಾಡಲಿಲ್ಲ. "ಬೂಟಲ್ಲಾದ್ರೂ ಇಟ್ಕೊಳ್ಲಿ, ಕಕ್ಕಸಲ್ಲಾದ್ರೂ ಇಟ್ಕೊಳ್ಲಿ. ಮಗು ಬಾಯಿಗೆ ಇಡೋದ್ರಲ್ಲಿ ಇಟ್ಟಿದಾನಲ್ಲ ಈ ಮನುಷ್ಯ. ಇಲ್ಲೇ ಇಟ್ಕೊಳ್ಳಿ ಇವನನ್ನ. ನಮ್ಮನೆ ಬಾಗ್ಲು ತುಳಿಯೋದು ಬೇಡ," ಎಂದು ನನಗೆ ಹೇಳಿ, ಅಂಗಿಯ ಸಮೇತ ಹೊರಟು ಹೋದಳು.

ಅವಳು ಗೇಟು ದಾಟುವುದನ್ನು ಕಿಟಕಿಯಿಂದ ನೋಡುತ್ತ ನಿಂತವನಿಗೆ ಅನುಮಾನ ಬಂತು. ಡ್ರೈವರ್ ನನ್ನ ಮುಂದೆ ಕೂತು ಜಾಗಗಳನ್ನು ಬೆರಳು ಮಡಚಿ ಎಣಿಸಿದ್ದ. ಬೂಟು, ಮೆಷೀನು, ಟ್ಯಾಂಕು. ನೀರಿನ ಬಾಟಲಿಗೆ ಯಾವ ಬೆರಳು ಮಡಚಿದ? ನೆನಪಿಗೆ ಬರಲಿಲ್ಲ. ಆ ಮಾತು ಕಿವಿಯಲ್ಲಿ ಸ್ಪಷ್ಟವಾಗಿತ್ತು, "ಮಗು ಬಾಟ್ಲಿಗೇ ಹಾಕ್ಬಿಟ್ಟಿದ್ದೆ ಸಾರ್" ಎಂದು. ಹೇಳಿದ ಬಾಯಿ ಮಾತ್ರ ಸಿಗಲಿಲ್ಲ. ಒಮ್ಮೆ ಡ್ರೈವರನ ಮೀಸೆ ಬಂತು, ಇನ್ನೊಮ್ಮೆ ಅದೇ ವಾರ್ಡಿನಲ್ಲಿದ್ದ ವೆಲ್ಡರನ ಮುರಿದ ಹಲ್ಲು, ಮತ್ತೊಮ್ಮೆ ಯಾರದ್ದೋ ಒಡೆದ ತುಟಿ. ಮುಖಗಳು ಇಸ್ಪೀಟಿನೆಲೆ ಕಲೆಸಿದ ಹಾಗೆ ಕಲೆಸಿಹೋಗಿದ್ದವು.

ಡಾಕ್ಟರಮ್ಮನ ಕೋಣೆಗೆ ಹೋಗಿ ಹೇಳಿದೆ. ಕೇಂದ್ರ ನಡೆಸುವವರು ಅವರೇ. ಅವರು ಕನ್ನಡಕ ತೆಗೆದಿಟ್ಟರು.

"ನಿಮಗೆ ರಜೆ ಬೇಕು."

"ರಜೆ ತಗೊಂಡು ಏನ್ ಮಾಡ್ಲಿ? ಗೋಡೆ ನೋಡ್ಕೊಂಡು ಕೂರ್ಲಾ?"

"ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ ಅದರ ಮೇಲೇ ಕೂತಿರ್ತೀರಿ, ಒಳಗೇ ಬರಲ್ಲ. ಯಾರ ಹೆಸರೂ ಹಿಡಿದು ಕರೆಯಲ್ಲ. ಮೊನ್ನೆ ಮೀಟಿಂಗಿಗೆ ಬಂದ ಇನ್ಸ್‌ಪೆಕ್ಟರ್ ಬಾಯಿ ಮೂಸಿದ್ರಿ."

"ಅಭ್ಯಾಸ!"

"ಅದನ್ನೇ ನಾನೂ ಹೇಳ್ತಿರೋದು."

ಬಾಗಿಲನ್ನು ಧಡಾರನೆ ಹಾಕಿಕೊಂಡು ಬಂದೆ. ವಾರ್ಡಿನವರು ನನಗೆ 'ಮೂಗು ಸಾರ್' ಎಂದು ಅಡ್ಡಹೆಸರಿಟ್ಟಿದ್ದಾರೆ. ಗೇಟಿನ ಆಚೆ ಕುಡಿದು ನಿಂತವನನ್ನು ಈಚೆಯಿಂದಲೇ ಹಿಡಿಯುತ್ತೇನಂತೆ. ಅಂಥ ಮೂಗಿನವನಿಗೆ, ಯಾರು ಏನು ಹೇಳಿದರೆಂಬುದು ಗೊತ್ತಿಲ್ಲ.

ವೆಲ್ಡರನನ್ನು ಕೇಳಲೇ? ಯಾರದೋ ಗುಟ್ಟನ್ನು ಇನ್ನೊಬ್ಬನಿಗೆ ತಲುಪಿಸಿದಂತಾಗುತ್ತದೆ. ಡ್ರೈವರನನ್ನೇ ಕೇಳೋಣವೆಂದು ವಾರ್ಡಿಗೆ ಹೋದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ, ತಟ್ಟೆಯ ಊಟ ಹಾಗೇ ಇತ್ತು. ನನ್ನ ಹೆಜ್ಜೆ ಕೇಳಿ ಎದ್ದು ಕೂತ.

"ಸಾರ್, ಮಗಳು ಅದನ್ನ ಕುಡಿದ್ಲಾ?"

"ಏನು?"

"ಬಾಟ್ಲಿದು. ನಾನು ನಿಮ್ಗೆ ಹೇಳಿರ್ಬೇಕಲ್ಲ. ಕುಡಿದ್ಲಾ, ಇಲ್ವಾ?"

ನಾನು ಅವನಿಂದ ತಿಳಿಯಲು ಬಂದಿದ್ದರೆ, ಅವನು ನನ್ನಿಂದ ತಿಳಿಯಲು ಕಾಯುತ್ತಿದ್ದ. ಇಬ್ಬರಲ್ಲಿ ಯಾರ ತಲೆ ಹೆಚ್ಚು ಕೆಟ್ಟಿದೆಯೋ ಹೇಳುವುದು ಕಷ್ಟವಾಗಿತ್ತು. "ಊಟ ಮಾಡು," ಎಂದಷ್ಟೇ ಹೇಳಿ ಬಂದುಬಿಟ್ಟೆ.

ಸಂಜೆ ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ನಾನು ಸುಮ್ಮನೆ ಕೂತಿದ್ದು ನೋಡಿ, "ಇವತ್ತು ಯಾರು ತಲೆ ತಿಂದ್ರು?" ಎಂದಳು.

"ಯಾರೂ ಇಲ್ಲ. ಅಲ್ಲಾ, ಮಗೂ ಸ್ಕೂಲ್ ಬಾಟ್ಲಿಗೆ ಯಾರಾದ್ರೂ ಹೆಂಡ ಹಾಕಿಡ್ತಾರೇನೇ?"

"ಅದು ಪೇಂಟರ್ ಅಲ್ವೇನ್ರೀ?"

ನಾನು ಅವಳ ಮುಖವನ್ನೇ ನೋಡಿದೆ. "ನಿಂಗೆ ಹೇಗೆ ಗೊತ್ತು?"

"ನೀವೇ ಹೇಳಿದ್ರಿ. ಹುಡುಗ ಕ್ಲಾಸಲ್ಲಿ ವಾಂತಿ ಮಾಡ್ಕೊಂಡು, ಟೀಚರ್ ಫೋನ್ ಮಾಡಿ, ಅಪ್ಪ ಆ ಫೋನ್‌ನಲ್ಲೂ ತೊದಲಿದ್ದನಂತೆ. ಕಳೆದ ವರ್ಷ. ಪಾಪ, ಆ ಮಗು."

"ನಾನು ಯಾವತ್ತೂ ಕೆಲಸದ ವಿಷಯ ಮನೆಗೆ ತರಲ್ಲ."

ಅವಳು ಚಾಕು ಕೆಳಗಿಟ್ಟು ನಕ್ಕಳು, ಚೆನ್ನಾಗಿ ನಕ್ಕಳು. "ಊಟಕ್ಕೆ ಕೂತ್ರೆ ಇನ್ನೇನ್ರೀ ಮಾತಾಡ್ತೀರ ನೀವು? ಆ ದಿನ ನಾನು ತಟ್ಟೆ ಬಿಟ್ಟು ಎದ್ದೆ. ನೀವು ಪೂರ್ತಿ ತಿಂದು, ಮತ್ತೆ ಹಾಕಿಸ್ಕೊಂಡ್ರಿ."

ನನಗೆ ಒಂದೂ ನೆನಪಿಲ್ಲ. ಒಡೆದ ತುಟಿ ಪೇಂಟರನದು ಎಂಬುದು ಮಾತ್ರ ಆಗ ಹೊಳೆಯಿತು. ಕೇಂದ್ರದ ಗುಟ್ಟುಗಳೆಲ್ಲ ನನ್ನ ತಲೆಯಲ್ಲಿವೆ ಎಂದುಕೊಂಡಿದ್ದೆ. ಇವಳು ಅವುಗಳನ್ನು ಹೊತ್ತುಕೊಂಡೇ ನನಗೆ ಅಡುಗೆ ಮಾಡಿ ಹಾಕುತ್ತಿದ್ದಳು. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದೆ ಚಹಾ ಕೇಳಿದೆ.

ಮರುದಿನ ಲಾಂಡ್ರಿಗೆ ಹೋದೆ. ಹಬೆಯ ನಡುವೆ ಡ್ರೈವರನ ಹೆಂಡತಿ ಯಾರದ್ದೋ ಪ್ಯಾಂಟಿನ ಗೆರೆ ತೀಡುತ್ತಿದ್ದಳು. ಮಗಳು ಬಟ್ಟೆಯ ಗಂಟಿನ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದಳು.

"ತಾಯಿ, ತಪ್ಪು ನಂದು. ನೀರಿನ ಬಾಟ್ಲಿ ಮಾತು ನಿಮ್ಮ ಯಜಮಾನ್ರದ್ದಲ್ಲ. ಬೇರೆಯವನದ್ದು. ನಾನು ಕಲೆಸಿಬಿಟ್ಟೆ."

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. "ಯಾರದ್ದು?"

"ಅದನ್ನ ಹೇಳೋ ಹಾಗಿಲ್ಲ."

"ಹೌದಾ? ನಮ್ಮದನ್ನ ಇನ್ಯಾರ ಹೆಂಡ್ತಿ ಮುಂದೆ ಹೇಳಿದೀರಿ?"

ಹೇಳಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿರಲಿಲ್ಲ.

"ಅವನೇ ಹೇಳಿ ಕಳಿಸಿದಾನೆ ನಿಮ್ಮನ್ನ," ಎಂದಳು.

"ಇಲ್ಲಮ್ಮ. ಅವನು ತಾನೇ ಮಾಡಿದೀನಿ ಅಂತ ನಂಬಿಕೊಂಡು ಊಟ ಬಿಟ್ಟು ಮಲಗಿದಾನೆ."

ಅವಳು ಮಗಳ ಚೀಲದಿಂದ ನೀಲಿ ಬಾಟಲಿ ತೆಗೆದು ನನ್ನ ಮುಂದೆ ಹಿಡಿದಳು. "ನಿನ್ನೆಯಿಂದ ಎಷ್ಟು ಸಲ ತೊಳೆದಿದೀನೋ. ಆದ್ರೂ ವಾಸನೆ ಬರುತ್ತೆ. ನೋಡಿ, ನೀವೇ ನೋಡಿ."

ಮೂಸಿದೆ. ಪ್ಲಾಸ್ಟಿಕ್ಕಿನ ವಾಸನೆ ಬಂತು. ಸೋಪು. ಆಮೇಲೆ ಏನೋ ಹುಳಿ ಹುಳಿ. ಮತ್ತೆ ಮೂಸಿದೆ, ಈ ಸಲ ಏನೂ ಬರಲಿಲ್ಲ. ಮತ್ತೊಮ್ಮೆ ಮೂಸಿದಾಗ ಹೆಂಡದ ಅಂಗಡಿಯೇ ಬಾಟಲಿಯೊಳಗೆ ಕೂತ ಹಾಗಾಯಿತು. ನನ್ನ ಮೂಗು ನನಗೇ ಸುಳ್ಳು ಹೇಳುತ್ತಿತ್ತು.

"ನಂಗೆ ಗೊತ್ತಾಗ್ತಿಲ್ಲ ತಾಯಿ," ಎಂದೆ. "ನಿಜವಾಗ್ಲೂ ಗೊತ್ತಾಗ್ತಿಲ್ಲ."

ಹುಡುಗಿ ಬಂದು ಬಾಟಲಿ ಕಿತ್ತುಕೊಂಡಳು. "ಅಮ್ಮಾ, ಈ ಮಾಮ ನನ್ನ ಬಾಟ್ಲಿನ ಯಾಕೆ ಮೂಸ್ತಿದಾರೆ? ಜ್ಯೂಸ್ ಹಾಕಿದ್ದೆ ಅಂತ ಬೈತೀಯಾ?" ಎಂದು ಹೇಳಿ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಆ ತಾಯಿ ಮಗಳನ್ನೂ ಬಾಟಲಿಯನ್ನೂ ನೋಡಿ, ನನ್ನ ಕಡೆ ತಿರುಗಿದಳು. ಕೋಪವೋ ಕನಿಕರವೋ ತಿಳಿಯಲಿಲ್ಲ.

"ನಾಳೆ ಬರ್ತೀನಿ. ಅವನೇ ಹೇಳ್ಲಿ. ಅಳ್ಲಿ, ಕರೀಲಿ, ಅವನ ಬಾಯಿಂದ ಕೇಳ್ತೀನಿ. ನೀವು ಒಳಗಿರೋದು ಬೇಡ."

ಹಾಗೆಯೇ ಆಯಿತು. ಮರುದಿನ ಡ್ರೈವರನ ಜೊತೆ ಡಾಕ್ಟರಮ್ಮ ಕೂತರು. ಬೆಳಿಗ್ಗೆಯೇ ಅವನಿಗೆ, "ಅದು ನೀನು ಹೇಳಿದ್ದಲ್ಲ, ನಾನು ಕಲೆಸಿದ್ದು" ಎಂದು ಹೇಳಿದ್ದೆ. ಅವನು "ಇರ್ಲಿ ಬಿಡಿ ಸಾರ್, ನನ್ನ ಉಳಿಸೋಕೆ ಹೇಳ್ತೀರ" ಎಂದಿದ್ದ. ನಾನು ಹೊರಗೆ, ಮನೆಯವರು ಕಾಯುವ ಬೆಂಚಿನ ಮೇಲೆ ಕೂತೆ. ಇಷ್ಟು ವರ್ಷಗಳಲ್ಲಿ ಅದರ ಮೇಲೆ ಕೂತಿರಲಿಲ್ಲ. ಒಂದು ಹಲಗೆ ಸಡಿಲವಾಗಿ ತೊಡೆಗೆ ಚುಚ್ಚುತ್ತಿತ್ತು. ಇದರ ಮೇಲೆ ಎಷ್ಟು ಹೆಂಗಸರನ್ನು ಕೂರಿಸಿದ್ದೇನೋ, ಒಬ್ಬರೂ ಹೇಳಿರಲಿಲ್ಲ.

ಬಾಗಿಲು ತೆಳು. ಕೇಳಬಾರದೆಂದುಕೊಂಡರೂ ಕೇಳಿಸುತ್ತಿತ್ತು.

"ಹಳೇ ಬೂಟಲ್ಲಿ," ಎಂದ ಡ್ರೈವರ್. ಅತ್ತ. "ಮೆಷೀನ್ ಹಿಂದೆ... ಕಕ್ಕಸಿನ ಟ್ಯಾಂಕಲ್ಲಿ..." ನಿಲ್ಲಿಸಿದ. ನಾನು ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಹೇಳಬೇಡ ಮಾರಾಯ, ಅದು ನಿನ್ನದಲ್ಲ. ಒಳನುಗ್ಗಿ ಬಾಯಿ ಮುಚ್ಚಿಸಿಬಿಡಲೇ ಅನ್ನಿಸಿತು.

"ಆಮೇಲೆ ಪುಟ್ಟಿ ಬಾಟ್ಲಿ..." ಎಂದ.

ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಅದನ್ನ ಬಿಡು. ಅದು ನಿಂದಲ್ಲ," ಎಂದಳು ಹೆಂಡತಿ.

"ನಂಗೆ ಜ್ಞಾಪಕ ಇಲ್ಲ ಕಣೇ."

"ನಂಗಿದೆ. ದಿನಾ ತೊಳೆಯೋಳು ನಾನು. ಉಳಿದ ಜಾಗ ಎಲ್ಲ ಖಾಲಿ ಮಾಡೇ ಬಂದಿದೀನಿ. ಬಟ್ಟೆ ತಗೋ, ನಡಿ."

ಬಾಗಿಲು ತೆರೆಯಿತು. ಅದೇ ಮಡಚಿದ ಅಂಗಿ ಅವನ ಕಂಕುಳಲ್ಲಿತ್ತು. ಅವನು ನನಗೆ ಕೈ ಮುಗಿದ. ನನಗೇಕೆ ಮುಗಿದನೋ ತಿಳಿಯಲಿಲ್ಲ. ಅವಳು ನನ್ನ ಕಡೆ ನೋಡದೆಯೇ, "ಮನೆಗೆ ಹೋಗಿ ಮಲಗಿ ಸಾರ್," ಎಂದು ಹೇಳಿ ದಾಟಿ ಹೋದಳು.

ಒಳಗಿನಿಂದ ಡಾಕ್ಟರಮ್ಮ ಕರೆದರು. ಯಾಕೆಂದು ಗೊತ್ತಿತ್ತು. ಈ ಸಲ ರಜೆ ಬೇಡವೆಂದು ಕೂಗಾಡಬಾರದು ಎಂದುಕೊಂಡು ಎದ್ದೆ. ಆದರೆ ರಜೆ ಕೊಟ್ಟರೆ ಏನು ಮಾಡಬೇಕೆಂಬುದು ನನಗೆ ಇನ್ನೂ ತಿಳಿದಿರಲಿಲ್ಲ. ಮೊದಲು ಬೆಂಚಿನ ಹಲಗೆ ಬಿಗಿ ಮಾಡಿಸಬೇಕು, ಅಷ್ಟು ಮಾತ್ರ ತಿಳಿದಿತ್ತು.