ವೇದಿಕೆಯ ಹಿಂದಿನ ಬಾಗಿಲು

ಆ ಸಂಗೀತ ಸಭಾಂಗಣಕ್ಕೆ ಇದ್ದದ್ದು ಒಂದೇ ಶೌಚಾಲಯ. ಅದಕ್ಕೆ ಇದ್ದದ್ದು ಒಂದೇ ದಾರಿ. ಆ ದಾರಿ ವೇದಿಕೆಯ ಮೇಲಿಂದ ಹೋಗುತ್ತಿತ್ತು.

ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಕಟ್ಟಡ ಮೊದಲು ನೂಲಿನ ಗೋದಾಮಾಗಿತ್ತು. ಸಂಗೀತದ ಹುಚ್ಚು ಹತ್ತಿದ ಐವರು ಗೆಳೆಯರು ಅದನ್ನು ಹಿಡಿದು, ಗುಡಿಸಿ, ಸುಣ್ಣ ಬಳಿದು, ಯಾವ ಮೂಲೆಯಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು ಒಬ್ಬೊಬ್ಬರಾಗಿ ಕೂಗಿ ನೋಡಿ, ಕೊನೆಗೆ ಹಿಂದಿನ ಗೋಡೆಗೆ ಒತ್ತಿಸಿ ವೇದಿಕೆ ಕಟ್ಟಿಸಿದರು. ಶೌಚಾಲಯದ ಬಾಗಿಲು ಅದೇ ಗೋಡೆಯಲ್ಲಿದೆ ಎನ್ನುವುದು ಅವರ ತಲೆಗೆ ಹೊಳೆದದ್ದು ಸಿಮೆಂಟು ಒಣಗಿದ ಮೇಲೆ. ಐವರಿಗೂ ಆಗ ಹರೆಯ. ಎರಡು ಗಂಟೆ ಕೂತರೆ ಏನು ಮಹಾ ಎಂದು ನಕ್ಕು ಸುಮ್ಮನಾದರು.

ಆಮೇಲೆ ಅಲ್ಲಿಗೊಂದು ಪದ್ಧತಿ ಬಂತು. ಹೋಗಲೇಬೇಕಾದವರು ಹಾಡು ಮುಗಿಯುವವರೆಗೆ ಹಲ್ಲು ಕಚ್ಚಿ ಕೂತು, ಚಪ್ಪಾಳೆ ಶುರುವಾದ ಕೂಡಲೇ ಎದ್ದು ಮೆಟ್ಟಿಲು ಹತ್ತಿ, ಕಲಾವಿದರ ಹಿಂದಿನಿಂದ ತಲೆ ತಗ್ಗಿಸಿ ದಾಟಬೇಕು. ಊರವರಿಗೆ ಇದು ಅಭ್ಯಾಸ. ಹೊರಗಿನಿಂದ ಬಂದವರಿಗೆ ಕಷ್ಟ. ಒಮ್ಮೆ ಹೆಸರಾಂತ ಗಾಯಕಿಯೊಬ್ಬರು ಮೊದಲ ಹಾಡು ಮುಗಿಸಿದರು. ಬಿಳಿ ಮೀಸೆಯ ಹಿರಿಯರೊಬ್ಬರು ಭರಭರನೆ ವೇದಿಕೆ ಹತ್ತಿ ತಮ್ಮತ್ತಲೇ ಬರುವುದನ್ನು ಕಂಡು ಆಕೆಯ ಕಣ್ಣು ತುಂಬಿ ಬಂತು. ಎದ್ದು ನಿಂತು ಎರಡೂ ಕೈ ಚಾಚಿದರು. ಹಿರಿಯರು ಆ ಕೈಗಳ ಕೆಳಗಿಂದ ನುಸುಳಿ ಬಾಗಿಲು ತೆರೆದು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಚಿಲಕದ ಸದ್ದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಇನ್ನಷ್ಟು ಸದ್ದುಗಳೂ ಕೇಳಿಸಿದವು. ಆ ಗಾಯಕಿ ಮತ್ತೆ ಅತ್ತ ತಲೆ ಹಾಕಲಿಲ್ಲ.

ಐವರು ಗೆಳೆಯರಲ್ಲಿ ಈಗ ಉಳಿದವರು ಒಬ್ಬರೇ. ಅವರೇ ಅಧ್ಯಕ್ಷರು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟು, ಅದನ್ನು ಮಗನಿಗೆ ಬಿಟ್ಟುಕೊಟ್ಟು, ಈಗ ಸಭಾಂಗಣವೇ ಲೋಕ ಎಂದುಕೊಂಡವರು. ಅವರ ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ವಾರ್ಷಿಕ ಸಭೆಯಲ್ಲಿ, ಮುಂದಿನ ಕಾರ್ಯದರ್ಶಿ ಯಾರಾಗುತ್ತೀರಿ ಎಂದು ಕೇಳಿದ ಹೊತ್ತಿಗೆ ಸರಿಯಾಗಿ ಅವಳು ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದಳು. ಹಾಗೆ ಕಾರ್ಯದರ್ಶಿಯಾದಳು.

ಆದ ಮೇಲೆ ಸುಮ್ಮನೆ ಕೂರುವ ಜಾತಿಯವಳಲ್ಲ. ಕುರ್ಚಿಗಳು ಖಾಲಿ ಹೊಡೆಯುತ್ತಿರುವುದು ಕಣ್ಣಿಗೆ ರಾಚುತ್ತಿತ್ತು. ವಯಸ್ಸಾದವರಿಲ್ಲ, ಮಕ್ಕಳಿರುವ ತಾಯಂದಿರಿಲ್ಲ. ಬರುವುದನ್ನು ಬಿಟ್ಟವರಿಗೆಲ್ಲ ಫೋನು ಮಾಡಿ ಯಾಕೆಂದು ವಿಚಾರಿಸಿದಳು. ಒಬ್ಬೊಬ್ಬರದೂ ಘನವಾದ ಉತ್ತರ. ಈಗಿನವರ ಹಾಡಿನಲ್ಲಿ ರಸವಿಲ್ಲ ಎಂದರು ಒಬ್ಬರು. ಮನಸ್ಸು ಮೌನದ ಕಡೆ ವಾಲುತ್ತಿದೆ ಎಂದರು ಇನ್ನೊಬ್ಬರು. ಪೇಟೆಯಲ್ಲಿ ಬೇಕರಿ ನಡೆಸುವ ಅಕ್ಕ ಮಾತ್ರ ಸುತ್ತಿ ಬಳಸಲಿಲ್ಲ.

"ಎರಡು ಗಂಟೆ ತಡ್ಕೊಳ್ಳೋಕೆ ಆಗಲ್ಲ ಕಣಮ್ಮ. ಎರಡನೇ ಹಾಡಿಗೆ ನನ್ನ ಸಂಗೀತ ಮುಗೀತು. ಆಮೇಲೆ ಅವರು ಏನು ಹಾಡಿದ್ರೂ ನಂಗೆ ನೀರು ಬಿದ್ದ ಹಾಗೇ ಕೇಳ್ಸುತ್ತೆ."

ಸೊಸೆ ಉಳಿದವರಿಗೆ ಮತ್ತೆ ಫೋನು ಮಾಡಿ ನೇರವಾಗಿಯೇ ಕೇಳಿದಳು. ಒಂದೊಂದು ಕಡೆಯೂ ಮೊದಲು ಒಂದು ಕೆಮ್ಮು. ಆಮೇಲೆ ಒಂದು ನಿಟ್ಟುಸಿರು. ಮೌನದ ಕಡೆ ವಾಲಿದ್ದವರು, "ನೀವಾಗೇ ಕೇಳಿದ್ರಲ್ಲ, ಅದಕ್ಕೆ ಹೇಳ್ತೀನಿ," ಎಂದು ಶುರುಮಾಡಿ ಅರ್ಧ ಗಂಟೆ ಮಾತಾಡಿದರು.

ಅವಳು ಒಂದು ಯೋಜನೆ ಹಾಕಿಕೊಂಡು ಸಮಿತಿಯ ಮುಂದೆ ಹೋದಳು. ವೇದಿಕೆಯನ್ನು ಹಿಂದಿನ ಗೋಡೆಯಿಂದ ಕಿತ್ತು ಎಡಗಡೆಯ ಉದ್ದ ಗೋಡೆಗೆ ತರುವುದು. ಹತ್ತಲು ಮೆಟ್ಟಿಲಿನ ಜೊತೆಗೆ ಇಳಿಜಾರು. ಹಿಂದೆ ಎರಡು ಶೌಚಾಲಯ, ಒಂದಕ್ಕೆ ಗಾಲಿಕುರ್ಚಿ ಸರಾಗವಾಗಿ ಹೋಗಬೇಕು. ಛಾವಣಿಗೆ ಸೋಲಾರ್. ಹಗಲಲ್ಲಿ ಬೀಗ ಜಡಿಯುವ ಬದಲು ಅಭ್ಯಾಸಕ್ಕೆ, ಪಾಠಕ್ಕೆ ತೆರೆದಿಡುವುದು. ಗಾಲಿಕುರ್ಚಿಯಲ್ಲಿ ಓಡಾಡುವ ಕೊಳಲಿನ ಹುಡುಗಿ ಸಮಿತಿಗೆ ಹೊಸಬಳು. ಅವಳು ತನ್ನ ಅನುಭವ ಹೇಳಿದಳು.

"ನನ್ನನ್ನ ಕುರ್ಚಿ ಸಮೇತ ನಾಲ್ಕು ಜನ ಎತ್ತಿ ವೇದಿಕೆ ಮೇಲೆ ಇಡ್ತಾರೆ. ಒಬ್ರು ಎಡಕ್ಕೆ ಅಂತಾರೆ, ಒಬ್ರು ಬಲಕ್ಕೆ ಅಂತಾರೆ, ಒಬ್ರಿಗೆ ಸೊಂಟ ಹಿಡಿಯುತ್ತೆ. ಬೀರು ಸಾಗಿಸಿದ ಹಾಗೆ. ಮೇಲೆ ಹೋಗೋ ಹೊತ್ತಿಗೆ ಕೊಳಲು ಊದೋಕೆ ನನ್ನಲ್ಲಿ ಉಸಿರೇ ಇರಲ್ಲ."

ಅಧ್ಯಕ್ಷರು ಎದ್ದು ನಿಂತರು. ಇಳಿಜಾರು ಆಗಲಿ, ಸೋಲಾರ್ ಆಗಲಿ, ತಮ್ಮ ಅಭ್ಯಂತರವಿಲ್ಲ. ವೇದಿಕೆ ಮಾತ್ರ ಒಂದು ಗೇಣೂ ಅಲ್ಲಾಡಕೂಡದು.

"ಸಂಗೀತ ಅಂದ್ರೆ ಸಂಯಮ," ಎಂದರು. "ಹಾಡೋರಿಗೂ ಸಂಯಮ, ಕೇಳೋರಿಗೂ ಸಂಯಮ. ಎರಡು ಗಂಟೆ ತನ್ನನ್ನ ತಾನು ಹಿಡಿತದಲ್ಲಿ ಇಟ್ಕೊಳ್ಳೋಕೆ ಆಗದವರಿಗೆ ಯಾವ ರಾಗ ದಕ್ಕುತ್ತೆ?"

ಹಿರಿಯ ಸದಸ್ಯರೆಲ್ಲ ಗಂಭೀರವಾಗಿ ತಲೆದೂಗಿದರು. ಸೊಸೆಗೆ ಒಂದು ಅಭ್ಯಾಸವಿತ್ತು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತೂ ಕೂತೂ, ಯಾರಾದರೂ ತಪ್ಪು ದಾರಿಗೆ ಹೊರಟರೆ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಆ ಸಭೆಯುದ್ದಕ್ಕೂ ಅವಳು ಬ್ರೇಕು ಒತ್ತಿದ್ದೇ ಒತ್ತಿದ್ದು. ಸಭೆ ನಿಲ್ಲಲಿಲ್ಲ. ಯೋಜನೆ ಬಿದ್ದುಹೋಯಿತು.

"ನನ್ನನ್ನ ಮಾತ್ರ ಇದರಲ್ಲಿ ಎಳೀಬೇಡಿ," ಎಂದ ಅವಳ ಗಂಡ, ಊಟದ ಮೇಜಿನಲ್ಲಿ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಹೆಂಡತಿ, ಇಬ್ಬರೂ ಉಪ್ಪಿನ ಡಬ್ಬಿಯನ್ನು ಅವನ ಮೂಲಕವೇ ದಾಟಿಸತೊಡಗಿದಾಗ.

ಮುಂದಿನ ಕಛೇರಿಯ ದಿನ ಸೊಸೆ ಬಾಗಿಲ ಬಳಿ ನಿಂತಿದ್ದಳು. ಪಿಟೀಲು ವಾದನ ಕಾವೇರುತ್ತಿದ್ದ ಹಾಗೆ ಮಾವ ಕೊನೆಯ ಸಾಲಿನಿಂದ ಮೆಲ್ಲಗೆ ಎದ್ದರು. ಮುಖ ಬಿಳಿಚಿಕೊಂಡಿತ್ತು, ಹಣೆಯಲ್ಲಿ ಬೆವರು. ಕಂಕುಳಲ್ಲೊಂದು ಪೊಟ್ಟಣ ಅವುಚಿಕೊಂಡು ಅವಳನ್ನು ನೋಡದೆಯೇ ಹೊರಗೆ ನಡೆದುಬಿಟ್ಟರು. ಎದೆನೋವೇನಾದರೂ ಇರಬಹುದೇ ಎಂದು ಅವಳು ಗಾಬರಿಯಾದಳು. ಹಿಂದೆಯೇ ಓಡಿದಳು. ಮಾವ ವಯಸ್ಸಿಗೆ ಮೀರಿದ ವೇಗದಲ್ಲಿ ಓಣಿ ಸುತ್ತಿ, ಸಭಾಂಗಣದ ಎಡಗೋಡೆಗೆ ಅಂಟಿಕೊಂಡಿದ್ದ ಲಾಂಡ್ರಿಯೊಳಗೆ ಮಾಯವಾದರು.

ಅವಳು ಒಳಗೆ ಕಾಲಿಟ್ಟಳು. ಹಬೆ, ಸೋಪಿನ ವಾಸನೆ. ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಸಾಲಾಗಿ ಸಭಾಂಗಣದ ಹಿರಿಯ ಸದಸ್ಯರು ಕೂತಿದ್ದರು. ಸಂಯಮಕ್ಕೆ ತಲೆದೂಗಿದ್ದ ತಲೆಗಳೇ ಎಲ್ಲ. ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ಶರ್ಟು, ಒಂದು ಸುಕ್ಕೂ ಇಲ್ಲದ ಹಾಗೆ ಇಸ್ತ್ರಿ ಮಾಡಿ ಮಡಚಿದ್ದು. ಗೋಡೆಯಾಚೆಯ ಪಿಟೀಲು ಒಂದೊಂದು ಸ್ವರವೂ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು. ಹಲ್ಲಿನ ಡಾಕ್ಟರು ತಮ್ಮ ಶರ್ಟಿನ ಮೇಲೆ ತಾಳ ಹಾಕುತ್ತಿದ್ದವರು ಅವಳನ್ನು ಕಂಡು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು.

"ಬನ್ನಿ ಅಮ್ಮಾ," ಎಂದ ಲಾಂಡ್ರಿಯವನು. "ನೀವು ಶರ್ಟ್ ತಂದಿಲ್ವಾ? ಪರವಾಗಿಲ್ಲ, ಕೂತ್ಕೊಳ್ಳಿ. ಅಧ್ಯಕ್ಷರು ಈಗಷ್ಟೇ ಒಳಗೆ ಹೋದ್ರು. ಇವರೆಲ್ಲ ಆದ್ಮೇಲೆ ನಿಮ್ದು."

ಅವಳಿಗೆ ಎಲ್ಲ ಅರ್ಥವಾಯಿತು. ಶರ್ಟು ನೆಪ, ಲಾಂಡ್ರಿಯ ಹಿತ್ತಲಿನ ಶೌಚಾಲಯ ಗುರಿ. ನಗು ಹೊಟ್ಟೆಯಿಂದ ಗಂಟಲವರೆಗೆ ನುಗ್ಗಿ ಬಂತು. ಆದರೆ ಬೆಂಚಿನ ಮೇಲಿನ ಮುಖಗಳನ್ನು ನೋಡಿದಳು. ಮೊದಲ ದಿನ ಸ್ಟೀರಿಂಗ್ ಹಿಡಿದವರ ಮುಖದ ಹಾಗೆ ಇದ್ದವು.

"ಇಲ್ಲಪ್ಪ, ಕಾರಿನ ಕವರ್ ಒಗೀತೀರಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ," ಎಂದಳು.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆದು ಮಾವ ಕೈ ಒರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ಪರಮ ಶಾಂತಿ. ಸೊಸೆಯನ್ನು ಕಂಡದ್ದೇ ಶಾಂತಿ ಹಾರಿಹೋಯಿತು.

"ಕಾಲರ್ ಸರಿಯಾಗಿ ಕೂತಿರಲಿಲ್ಲ," ಎಂದರು.

"ಹೌದು ಮಾವ. ಕಾಲರ್ ಸರಿ ಇರ್ಬೇಕು," ಎಂದು ಅವಳು ಹೊರಬಿದ್ದಳು. ಓಣಿಯ ತಿರುವಿನಲ್ಲಿ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಬೆಳಿಗ್ಗೆ ಮಾವ ತಾವಾಗಿಯೇ, ಅಂಗಡಿವರೆಗೆ ಬಿಡುತ್ತೀಯಾ ಎಂದು ಕೇಳಿ ಅವಳ ಕಾರು ಹತ್ತಿದರು. ಕಲಿಯುವವರ ಕಾರು, ಎರಡು ಕಡೆಗೂ ಬ್ರೇಕು. ಎರಡು ಸಿಗ್ನಲ್ ದಾಟುವವರೆಗೆ ಮಾವ ಕಾಲರ್ ಸರಿಮಾಡಿಕೊಳ್ಳುತ್ತಲೇ ಇದ್ದರು.

"ಗಂಡನಿಗೆ ಹೇಳಿದೆಯಾ?" ಎಂದರು ಕೊನೆಗೆ.

"ಏನನ್ನ ಮಾವ?"

"ಶರ್ಟಿನ ವಿಷಯ."

"ಇಲ್ಲ. ಅವರನ್ನ ಇದರಲ್ಲಿ ಎಳೀಬಾರದಂತೆ."

ಮಾವ ಕಿಟಕಿಯಾಚೆ ನೋಡಿದರು. "ನಾನು ಹಟಮಾರಿ ಅಲ್ಲಮ್ಮ. ಆದ್ರೆ ಇಷ್ಟು ವರ್ಷ ಬೇಡ ಬೇಡ ಅಂತ ಮೇಜು ಕುಟ್ಟಿದೋನು. ಹರೆಯದಲ್ಲಿ ಯಾರು ಬಂದು ಕೇಳಿದ್ರೂ ನಕ್ಕು ಕಳಿಸಿದ್ದೀನಿ. ಈಗ ನನಗೆ ವಯಸ್ಸಾದ ತಕ್ಷಣ ಕಟ್ಟಿಸಿದ್ರೆ ಜನ ಏನಂತಾರೆ? ಅಧ್ಯಕ್ಷರಿಗೋಸ್ಕರ ವೇದಿಕೆ ಒಡೆದ್ರು ಅಂತಾರೆ. ಹೋಗೋ ಪ್ರತಿ ಸಲ ಎಲ್ಲರೂ ನನ್ನನ್ನೇ ನೋಡ್ತಾರೆ."

ಗಟ್ಟಿಯಾಗಿ ಸ್ಟೀರಿಂಗ್ ಹಿಡಿಯುವವರು ಧೈರ್ಯವಂತರಲ್ಲ, ಹೆದರಿದವರು ಎನ್ನುವುದು ಅವಳಿಗೆ ದಿನನಿತ್ಯದ ಪಾಠ. ಗದರಿಸಿದರೆ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಬೇರೆ ಕಡೆ ನೋಡುವಂತೆ ಮಾಡಿದರೆ ಬೆರಳು ಸಡಿಲವಾಗುತ್ತದೆ.

"ಬೇರೆಯವರಿಗೋಸ್ಕರ ಅಂತ ಆದ್ರೆ?" ಎಂದಳು.

ಮಾವ ಯೋಚಿಸಿದರು. "ಬೇರೆಯವರಿಗೋಸ್ಕರ ಆದ್ರೆ ಅದು ತ್ಯಾಗ."

ಅವಳು ಅವರನ್ನು ಅಂಗಡಿಯ ಮುಂದೆ ಇಳಿಸಿ ಸೀದಾ ಬೇಕರಿಗೆ ಹೋದಳು. ಅಕ್ಕ ಬಿಸಿ ಬನ್ನುಗಳನ್ನು ತಟ್ಟೆಯಿಂದ ಬುಟ್ಟಿಗೆ ಸುರಿಯುತ್ತ ಇಡೀ ವಿಷಯ ಕೇಳಿಸಿಕೊಂಡಳು. ಯಾರಿಗಾಗಿ ಎನ್ನುವುದನ್ನು ಸೊಸೆ ಹೇಳಲಿಲ್ಲ. ಅಕ್ಕನಿಗೆ ಹೇಳಬೇಕಾಗಿಯೂ ಇರಲಿಲ್ಲ. "ನನ್ನ ಹೆಸರು ಹಾಕಮ್ಮ," ಎಂದಳು. "ನಾಚ್ಕೊಳ್ಳೋ ವಯಸ್ಸು ನಂಗೆ ಯಾವತ್ತೋ ಮುಗೀತು. ಪಾಪ, ಈ ಗಂಡಸರಿಗೆ ಈಗ ಶುರುವಾಗಿದೆ."

ಮುಂದಿನ ಸಭೆಗೆ ಬೇಕರಿ ಅಕ್ಕ ಬುಟ್ಟಿ ತುಂಬ ಬನ್ನು ಹೊತ್ತು ತಂದಳು. ಎಲ್ಲರ ಬಾಯಿಯೂ ತುಂಬಿದ ಮೇಲೆ ಎದ್ದು ನಿಂತು, ತನಗೆ ಸಂಗೀತವೆಂದರೆ ಪ್ರಾಣ, ಆದರೆ ತಡೆದುಕೊಳ್ಳಲು ಆಗುವುದಿಲ್ಲ, ಶೌಚಾಲಯ ಬೇಕೇ ಬೇಕು, ಇದರಲ್ಲಿ ಮುಚ್ಚುಮರೆ ಏನೂ ಇಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ಹುರುಪು ಬಂದು, ಎಷ್ಟೆಷ್ಟು ಹೊತ್ತಿಗೆ ಹೋಗಬೇಕಾಗುತ್ತದೆ, ಚಳಿಗಾಲದಲ್ಲಿ ಹೇಗೆ, ಕೆಮ್ಮಿದರೆ ಏನಾಗುತ್ತದೆ ಎಂದೆಲ್ಲ ವಿವರಕ್ಕಿಳಿದಳು. ಸೊಸೆಯ ಕಾಲು ನೆಲ ಒತ್ತಿತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಎದ್ದರು. ವೇದಿಕೆ ತಮ್ಮ ಐವರ ಕನಸು, ಹೌದು. ಆದರೆ ಒಬ್ಬ ಹೆಣ್ಣುಮಗಳು ಇಷ್ಟು ಕಷ್ಟದಲ್ಲಿರುವಾಗ ಕನಸಿಗೆ ಜೋತುಬೀಳುವುದು ಸಂಗೀತಕ್ಕೆ ಮಾಡುವ ಅಪಚಾರ. ಆಕೆಗಾಗಿ ವೇದಿಕೆಯನ್ನು ಬಿಟ್ಟುಕೊಡಲು ತಾವು ಸಿದ್ಧ. ಲಾಂಡ್ರಿಯ ಬೆಂಚಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ತಾವೂ ತ್ಯಾಗಕ್ಕೆ ಸಿದ್ಧ ಎಂದರು. ಹಲ್ಲಿನ ಡಾಕ್ಟರ ದನಿ ನಿಜವಾಗಿಯೂ ಗದ್ಗದವಾಗಿತ್ತು.

"ಎಡಗೋಡೆ ಕಡೆ ದನಿ ಹೇಗಿರುತ್ತೋ ಏನೋ," ಎಂದು ಕೊಳಲಿನ ಹುಡುಗಿ ಅನುಮಾನಪಟ್ಟಳು.

"ಅದರ ಚಿಂತೆ ಬೇಡ," ಎಂದರು ಅಧ್ಯಕ್ಷರು. "ಆ ಗೋಡೆ ಹತ್ತಿರ ಅದ್ಭುತವಾಗಿ ಕೇಳುತ್ತೆ."

"ನಿಮಗೆ ಹೇಗೆ ಗೊತ್ತು?"

ಬೆಂಚಿನವರೆಲ್ಲ ಒಟ್ಟಿಗೆ ಬನ್ನು ಕಚ್ಚಿದರು. "ಅನುಭವ," ಎಂದರು ಅಧ್ಯಕ್ಷರು.

ಕೆಲಸ ಶುರುವಾಯಿತು. ಸದಸ್ಯರು ಕೈಲಾದಷ್ಟು ಕೂಡಿಸಿದರು, ಉಳಿದದ್ದಕ್ಕೆ ಮೈ ಬಗ್ಗಿಸಿದರು. ಹಳೆಯ ವೇದಿಕೆಯನ್ನು ಒಡೆಯುವ ದಿನ ಮೊದಲ ಸುತ್ತಿಗೆ ಏಟು ಮಾವನೇ ಹಾಕಿದರು. ಹಾಕಿ ಒಂದಿಷ್ಟು ಹೊತ್ತು ಅಲ್ಲೇ ನಿಂತರು. ಸೊಸೆ ಪಕ್ಕಕ್ಕೆ ಹೋಗಿ ನಿಂತಾಗ, "ಇಲ್ಲಿ ನಾವು ಐದೂ ಜನ ಕೂಗಿ ನೋಡಿದ್ವಿ. ಗಂಟಲು ಕಟ್ಟಿಹೋಗಿತ್ತು," ಎಂದರು. ಅವಳು ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಮುಂದಿನ ದಿನಗಳಲ್ಲಿ ಇಳಿಜಾರಿಗೆ ಸಿಮೆಂಟು ಹಾಕುವಾಗ ಅವರು ಗಾರೆಯವನ ಪ್ರಾಣ ಹಿಂಡಿದರು. ಇಳಿಜಾರು ಕಡಿದಾಗಿದೆ ಎಂದು ಕೊಳಲಿನ ಹುಡುಗಿ ಹೇಳಿದ್ದಕ್ಕೆ ಎರಡು ಸಲ ಕೀಳಿಸಿ ಹಾಕಿಸಿದರು.

ಹೊಸ ಸಭಾಂಗಣದ ಮೊದಲ ಕಛೇರಿಗೆ ಕುರ್ಚಿ ಸಾಲದೆ ಬೇಕರಿಯಿಂದ ಸ್ಟೂಲು ತರಿಸಿದರು. ಕೊಳಲಿನ ಹುಡುಗಿ ತಾನೇ ಗಾಲಿ ತಿರುಗಿಸಿಕೊಂಡು ವೇದಿಕೆ ಏರಿದಳು. ಅಭ್ಯಾಸಬಲದಿಂದ ಓಡಿಬಂದ ನಾಲ್ವರು, ಎತ್ತಲು ಏನೂ ಇಲ್ಲದೆ, ಬರಿಗೈಯಲ್ಲಿ ಅವಳ ಹಿಂದೆ ಮೆರವಣಿಗೆ ಹೋಗಿ ವಾಪಸು ಬಂದರು. ಬೇಕರಿ ಅಕ್ಕ ಎರಡನೇ ಹಾಡಿನ ನಡುವೆ ಎದ್ದು, ಎಲ್ಲರೂ ನೋಡುವ ಹಾಗೆ, ರಾಜಗಾಂಭೀರ್ಯದಿಂದ ಹಿಂದಕ್ಕೆ ನಡೆದಳು. ತನ್ನ ಹೆಸರಿನಲ್ಲಿ ಕಟ್ಟಿಸಿದ್ದನ್ನು ಬಳಸದಿದ್ದರೆ ಏನು ಮರ್ಯಾದೆ ಎಂದು ಆಮೇಲೆ ಹೇಳಿದಳು. ಲಾಂಡ್ರಿಯವನೂ ಬಂದಿದ್ದ, ಮುಖ ಸಣ್ಣದು ಮಾಡಿಕೊಂಡು. ಶರ್ಟಿನ ಗಿರಾಕಿಗಳೆಲ್ಲ ಕೈತಪ್ಪಿದ ದುಃಖ ಅವನಿಗೆ. ವೇದಿಕೆಯ ಪರದೆಗಳನ್ನು ಇನ್ನು ಮೇಲೆ ನೀವೇ ಒಗೆಯಬೇಕು ಎಂದು ಸೊಸೆ ಹೇಳಿದ ಮೇಲೆ ಸ್ವಲ್ಪ ಗೆಲುವಾದ.

ಮಾವ ಮೊದಲ ಸಾಲಿನ ನಡುವೆ ಕೂತಿದ್ದರು. ಸೊಸೆಯ ಅರ್ಧ ಕಣ್ಣು ಅವರ ಮೇಲೆಯೇ ಇತ್ತು. ಒಂದು ಹಾಡು ಹೋಯಿತು, ಎರಡು ಹೋಯಿತು, ವಿರಾಮ ಬಂತು, ಜನ ಎದ್ದು ಸಾಲುಗಟ್ಟಿದರು. ಅವರು ಜಾಗ ಬಿಟ್ಟು ಕದಲಲಿಲ್ಲ. ಕೊನೆಯ ಚಪ್ಪಾಳೆಯವರೆಗೂ ಕಾಲ ಮೇಲೆ ಕಾಲು ಹಾಕಿ, ಕಣ್ಣು ಮುಚ್ಚಿ ಕೂತೇ ಇದ್ದರು.

ಮನೆಗೆ ಹೋಗುವಾಗ ಕಾರಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಮಾವ, ನೀವು ಒಂದು ಸಲಾನೂ ಏಳಲಿಲ್ಲ."

"ಇಲ್ಲಮ್ಮ."

"ನಾಚಿಕೆ ಆಯ್ತಾ?"

"ನಾಚಿಕೆ ಎಂಥದು. ಬೇಕರಿಯವಳು ಹೋಗಿಬಂದ ಮೇಲೆ ನಾಚಿಕೆ ಎಲ್ಲಿ ಉಳೀತು." ಮಾವ ಬೆಲ್ಟು ಎಳೆದುಕೊಂಡು ಸಿಕ್ಕಿಸುತ್ತ, ತಮಗೇ ಆಶ್ಚರ್ಯವಾದವರ ಹಾಗೆ ಹೇಳಿದರು. "ಅಲ್ಲೇ ಇದೆ, ಯಾವಾಗ ಬೇಕಾದ್ರೂ ಹೋಗಬಹುದು ಅಂತ ಗೊತ್ತಾದ ಮೇಲೆ ಬರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಒಂದು ಕಛೇರಿ ಪೂರ್ತಿ ಕೇಳಿದೆ."

ಹಿಂದಿನ ಸೀಟಿನಲ್ಲಿದ್ದ ಗಂಡ, "ಏನು ಬರಲಿಲ್ಲ?" ಎಂದು ಕೇಳಿದ.

"ನಿಮ್ಮನ್ನ ಇದರಲ್ಲಿ ಎಳೆಯೋದಿಲ್ಲ," ಎಂದಳು ಅವಳು. ಗೇರು ಹಾಕಿ ಓಣಿಯಿಂದ ಹೊರಗೆ ತಿರುಗಿಸಿದಳು. ಪಕ್ಕದಲ್ಲಿ ಮಾವ ಕೊಳಲಿನ ಹುಡುಗಿ ಕೊನೆಗೆ ನುಡಿಸಿದ್ದನ್ನು ಮೆಲ್ಲಗೆ ಗುನುಗಿಕೊಳ್ಳುತ್ತಿದ್ದರು. ಶ್ರುತಿ ಅಲ್ಲಲ್ಲಿ ತಪ್ಪುತ್ತಿತ್ತು. ಅವಳು ಬ್ರೇಕು ಒತ್ತಲಿಲ್ಲ.